ಬಿಸಿಯಾದ ಲ್ಯಾಪ್‌ಟಾಪ್ ಎಂದರೆ ಹಳತಾದ ಲ್ಯಾಪ್‌ಟಾಪ್ ಅಲ್ಲ

ಕೋಲ್ಕತ್ತಾದ ಕನ್ನಡಿಗರಲ್ಲಿ ಇಂದು ಲ್ಯಾಪ್‌ಟಾಪ್ ಇಲ್ಲದ ಮನೆ ಅಪರೂಪ. ಸಾಲ್ಟ್ ಲೇಕ್ ಸೆಕ್ಟರ್ ಫೈವ್, ನ್ಯೂ ಟೌನ್ ಕಡೆಯ ಕಂಪನಿಗಳಲ್ಲಿ ದುಡಿಯುವ ಯುವಕ ಯುವತಿಯರಿಗೆ ಅದೇ ಕಚೇರಿ. ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಅದೇ ಪ್ರಯೋಗಶಾಲೆ. 2020ರ ಲಾಕ್‌ಡೌನ್ ನಂತರ ಲೇಕ್ ಮಾರ್ಕೆಟ್ ಆಸುಪಾಸಿನ ಹಿರಿಯರಿಗೂ ದೂರದ ಮೊಮ್ಮಕ್ಕಳ ಮುಖ ನೋಡಲು ಅದೇ ಕಿಟಕಿ. ಆದರೆ ಏಪ್ರಿಲ್ ತಿಂಗಳು ಕಾಲಿಟ್ಟಿತೆಂದರೆ ಮನೆ ಮನೆಯಲ್ಲೂ ಒಂದೇ ದೂರು: ಲ್ಯಾಪ್‌ಟಾಪ್ ದೋಸೆ ಕಾವಲಿಯಂತೆ ಕಾಯುತ್ತಿದೆ, ಒಳಗಿನ ಫ್ಯಾನ್ ಅರಚುತ್ತಿದೆ, ಕೆಲಸ ಮುಂದಕ್ಕೆ ಹೋಗುತ್ತಿಲ್ಲ, ಒಮ್ಮೊಮ್ಮೆ ತಾನಾಗಿಯೇ ಆರಿಹೋಗುತ್ತದೆ. ಈ ದೂರಿನ ಬೆನ್ನಿಗೇ ಬರುವ ಮಾತು, "ನಾಲ್ಕು ವರ್ಷವಾಯಿತಲ್ಲ, ಹಳತಾಗಿದೆ, ಹೊಸದು ತೆಗೆದುಕೊಳ್ಳೋಣ."

ಈ ಕೊನೆಯ ಮಾತಿನ ಬಗ್ಗೆ ಸ್ವಲ್ಪ ಯೋಚಿಸಬೇಕಾಗಿದೆ. ಬಿಸಿಯಾದ ಲ್ಯಾಪ್‌ಟಾಪ್ ನಿಧಾನವಾಗುತ್ತದೆ. ನಿಧಾನವಾದದ್ದನ್ನು ಹಳತಾಗಿದೆ ಎಂದು ತಿಳಿದು ಮೂಲೆಗೆ ಎಸೆಯುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಹೀಗೆ ಮೂಲೆ ಸೇರುವ ಯಂತ್ರಗಳಲ್ಲಿ ಎಷ್ಟೋ ಯಂತ್ರಗಳಿಗೆ ಬೇಕಾಗಿರುವುದು ಒಂದು ಬ್ರಷ್ಷು, ಒಂದಿಷ್ಟು ಗಾಳಿ ಮತ್ತು ಒಂದು ಗಟ್ಟಿ ಮೇಜು.

ನಿಧಾನವಾಗುವುದು ಏಕೆ?

ಲ್ಯಾಪ್‌ಟಾಪಿನ ಮಿದುಳು ಎನ್ನಬಹುದಾದ ಪ್ರೊಸೆಸರ್, ತಾನು ಬಳಸುವ ವಿದ್ಯುತ್ತನ್ನೆಲ್ಲ ಕೊನೆಗೆ ಬಿಸಿಯಾಗಿ ಹೊರಹಾಕುತ್ತದೆ. ಕನ್ನಡದಲ್ಲಿ ಒಂದು ಪತ್ರ ಟೈಪ್ ಮಾಡುವುದು ಅದಕ್ಕೆ ಲೆಕ್ಕಕ್ಕೇ ಇಲ್ಲದ ಕೆಲಸ. ಆದರೆ ರಾಜ್ಯೋತ್ಸವದ ಎರಡು ಗಂಟೆಯ ವೀಡಿಯೊವನ್ನು ಕತ್ತರಿಸಿ, ಜೋಡಿಸಿ, ಹೊಸ ಫೈಲಾಗಿ ಹೊರತೆಗೆಯುವುದು, ದೊಡ್ಡ ಆಟಗಳನ್ನು ಆಡುವುದು, ಕಟ್ಟಡ ಅಥವಾ ಯಂತ್ರಗಳ ನಕ್ಷೆ ಬಿಡಿಸುವುದು, ಹಿನ್ನೆಲೆ ಮಸುಕು ಮಾಡಿಕೊಂಡು ಗಂಟೆಗಟ್ಟಲೆ ವೀಡಿಯೊ ಮೀಟಿಂಗಿನಲ್ಲಿ ಕೂರುವುದು ಇವೆಲ್ಲ ಭಾರದ ಕೆಲಸಗಳು. ಆಗ ಪ್ರೊಸೆಸರ್ ತನ್ನ ಪೂರ್ತಿ ಶಕ್ತಿ ಹಾಕಿ ದುಡಿಯುತ್ತದೆ, ಅಷ್ಟೇ ಬಿಸಿಯನ್ನೂ ಉಗುಳುತ್ತದೆ.

ಆ ಬಿಸಿಯನ್ನು ಹೊರಗೆ ಸಾಗಿಸಲು ಒಳಗೆ ತಾಮ್ರದ ಚಪ್ಪಟೆ ಕೊಳವೆ ಇರುತ್ತದೆ. ಅದರೊಳಗೆ ತುಸುವೇ ದ್ರವ. ಪ್ರೊಸೆಸರ್ ಕಡೆಯ ತುದಿಯಲ್ಲಿ ಅದು ಆವಿಯಾಗಿ, ಇನ್ನೊಂದು ತುದಿಗೆ ಹೋಗಿ, ತಣಿದು ಮತ್ತೆ ದ್ರವವಾಗಿ ಮರಳುತ್ತದೆ. ಇಡ್ಲಿ ಪಾತ್ರೆಯ ಹಬೆ ಮುಚ್ಚಳಕ್ಕೆ ತಗುಲಿ ನೀರಾಗಿ ಇಳಿಯುತ್ತದಲ್ಲ, ಹಾಗೆಯೇ. ಆ ಇನ್ನೊಂದು ತುದಿಯಲ್ಲಿ ತೆಳ್ಳನೆಯ ಲೋಹದ ಪಟ್ಟಿಗಳ ಸಾಲು, ಅದಕ್ಕೆ ಎದುರಾಗಿ ಪುಟ್ಟ ಫ್ಯಾನ್. ಫ್ಯಾನ್ ಎಳೆದ ಗಾಳಿ ಪಟ್ಟಿಗಳ ನಡುವೆ ಹಾಯ್ದು ಬಿಸಿಯನ್ನು ಕೊಂಡುಹೋಗಬೇಕು. ಇಷ್ಟೇ ವ್ಯವಸ್ಥೆ.

ಈ ವ್ಯವಸ್ಥೆ ಸೋತರೆ ಪ್ರೊಸೆಸರ್ ಸುಟ್ಟುಹೋಗುವುದಿಲ್ಲ, ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಸಾಮಾನ್ಯವಾಗಿ 95ರಿಂದ 105 ಡಿಗ್ರಿ ಸೆಲ್ಸಿಯಸ್ ನಡುವೆ ತಯಾರಕರು ಒಂದು ಮಿತಿ ಇಟ್ಟಿರುತ್ತಾರೆ. ಅಲ್ಲಿಗೆ ಮುಟ್ಟಿದೊಡನೆ ಅದು ತನ್ನ ವೇಗವನ್ನು ತಾನೇ ತಗ್ಗಿಸುತ್ತದೆ. ಅದಕ್ಕೂ ಬಿಸಿ ಇಳಿಯದಿದ್ದರೆ ಯಂತ್ರವನ್ನೇ ಆರಿಸಿಬಿಡುತ್ತದೆ. ಬಳಸುವವರ ಕಣ್ಣಿಗೆ ಕಾಣುವುದು ಮಾತ್ರ "ಲ್ಯಾಪ್‌ಟಾಪ್ ಸೋಮಾರಿಯಾಗಿದೆ" ಎಂಬುದು. ಬಿಸಿಲಿನಲ್ಲಿ ಮೂಟೆ ಹೊತ್ತ ಕೂಲಿಯಾಳು ನೆರಳಲ್ಲಿ ಎರಡು ನಿಮಿಷ ನಿಂತರೆ ಅವನನ್ನು ಮುದುಕನಾದ ಎಂದು ಯಾರೂ ಹೇಳುವುದಿಲ್ಲ.

ಕೋಲ್ಕತ್ತಾದ ಹವೆಗೆ ಮಾಡಿದ ಯಂತ್ರವಲ್ಲ

ಆಪಲ್ ಕಂಪನಿ ತನ್ನ ಮ್ಯಾಕ್‌ಬುಕ್‌ಗಳನ್ನು 10ರಿಂದ 35 ಡಿಗ್ರಿ ಉಷ್ಣತೆ ಇರುವ ಜಾಗದಲ್ಲಿ ಬಳಸಬೇಕೆಂದು ತಿಳಿಸುತ್ತದೆ. ಬೇರೆ ಅನೇಕ ಕಂಪನಿಗಳ ಸೂಚನೆಯೂ ಇದರ ಆಸುಪಾಸಿನಲ್ಲೇ ಇದೆ. ಕೋಲ್ಕತ್ತಾದಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 35 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. 2024ರ ಏಪ್ರಿಲ್ 30ರಂದು ಇಲ್ಲಿ 43 ಡಿಗ್ರಿ ದಾಖಲಾಗಿತ್ತು. ಎಸಿ ಇಲ್ಲದ ಮೂರನೇ ಮಹಡಿಯ ಕೋಣೆ, ಮೇಲೆ ಕಾದ ತಾರಸಿ, ಕಿಟಕಿ ಮುಚ್ಚಿದ ಮಧ್ಯಾಹ್ನ. ಅಂಥಲ್ಲಿ ಫ್ಯಾನ್ ಎಳೆದುಕೊಳ್ಳುವುದೇ ಬಿಸಿಗಾಳಿಯನ್ನು.

ಲೆಕ್ಕ ಸರಳವಾಗಿದೆ. ಕೋಣೆಯಲ್ಲಿ 25 ಡಿಗ್ರಿ ಇದ್ದಾಗ ಒಂದು ಕೆಲಸಕ್ಕೆ ಪ್ರೊಸೆಸರ್ 85 ಡಿಗ್ರಿ ಮುಟ್ಟುತ್ತದೆ ಎಂದುಕೊಳ್ಳೋಣ. ಕೋಣೆ 40 ಡಿಗ್ರಿ ಆದರೆ ಅದೇ ಕೆಲಸಕ್ಕೆ ಅದು ಹೆಚ್ಚುಕಡಿಮೆ 100ರ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಯಂತ್ರದಲ್ಲಿ ಏನೂ ಕೆಟ್ಟಿಲ್ಲ, ಡಿಸೆಂಬರಿನಲ್ಲಿ ಓಡುತ್ತಿದ್ದದ್ದು ಮೇ ತಿಂಗಳಲ್ಲಿ ಕುಂಟುತ್ತದೆ, ಅಷ್ಟೇ.

ಇದರ ಮೇಲೆ ಧೂಳು. ಚಳಿಗಾಲದ ಹೊಗೆ ಮತ್ತು ಮಸಿ, ಹತ್ತಿ ಹಾಸಿಗೆಯ ನೂಲು, ದೇವರ ಮನೆಯ ಅಗರಬತ್ತಿ, ಅಡುಗೆಮನೆಯ ಒಗ್ಗರಣೆಯ ಜಿಡ್ಡು, ಜೊತೆಗೆ ವರ್ಷದ ಬಹುಪಾಲು ಬಿಡದ ತೇವ. ಒಣ ಊರಿನಲ್ಲಿ ಹಾರಿಹೋಗುವ ಧೂಳು ಇಲ್ಲಿ ಲೋಹದ ಪಟ್ಟಿಗಳಿಗೆ ಅಂಟಿ, ಎರಡು ಮೂರು ವರ್ಷದಲ್ಲಿ ಕಂಬಳಿಯ ತುಂಡಿನಂತೆ ಗಟ್ಟಿಯಾಗುತ್ತದೆ. ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಗಾಳಿ ಹೊರಬರಲು ದಾರಿಯಿಲ್ಲ. ಶಬ್ದ ಜಾಸ್ತಿ, ಗಾಳಿ ಕಡಿಮೆ ಎಂದಾದರೆ ದಾರಿ ಕಟ್ಟಿದೆ ಎಂದೇ ಅರ್ಥ.

ಈ ನಗರಕ್ಕೆ ಕಂಪ್ಯೂಟರಿನ ಬಿಸಿ ಹೊಸದೇನಲ್ಲ. ಭಾರತಕ್ಕೆ ಬಂದ ಮೊದಲ ಡಿಜಿಟಲ್ ಕಂಪ್ಯೂಟರ್ ಎಚ್‌ಇಸಿ-2ಎಂ ಇಂಗ್ಲೆಂಡಿನಿಂದ 1950ರ ದಶಕದ ಮಧ್ಯದಲ್ಲಿ ಬಂದಿಳಿದದ್ದು ಇದೇ ಊರಿನ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ. ಅದು ಹಳೆಯ ರೇಡಿಯೊಗಳಲ್ಲಿದ್ದಂಥ ವಾಲ್ವುಗಳಿಂದ ಕೆಲಸ ಮಾಡುತ್ತಿದ್ದ ಯಂತ್ರ. ವಾಲ್ವು ಎಂದರೆ ಬಿಸಿ. ಬ್ಯಾಂಕುಗಳು ಕಂಪ್ಯೂಟರ್ ತಂದ ಕಾಲದಲ್ಲೂ ಎಷ್ಟೋ ಶಾಖೆಗಳಲ್ಲಿ ಗ್ರಾಹಕರು ಬೆವರು ಒರೆಸಿಕೊಳ್ಳುತ್ತ ಸರತಿಯಲ್ಲಿ ನಿಂತಿದ್ದರೆ ಎಸಿ ಇದ್ದದ್ದು ಕಂಪ್ಯೂಟರ್ ಕೋಣೆಗೆ ಮಾತ್ರ. ದೊಡ್ಡ ಯಂತ್ರಕ್ಕೆ ತಂಪು ಬೇಕೆಂದು ಒಪ್ಪಿಕೊಂಡವರು ಚಿಕ್ಕ ಯಂತ್ರಕ್ಕೂ ಅದು ಬೇಕೆಂಬುದನ್ನು ಮರೆತಿದ್ದಾರೆ.

ಹಾಸಿಗೆಯೂ ಬೇಡ, ತೊಡೆಯೂ ಬೇಡ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದು ಮನುಷ್ಯರಿಗೆ. ಲ್ಯಾಪ್‌ಟಾಪಿಗೆ ಹಾಸಿಗೆಯೇ ಸಲ್ಲದು. ಬಹಳಷ್ಟು ಲ್ಯಾಪ್‌ಟಾಪ್‌ಗಳು ಗಾಳಿಯನ್ನು ಕೆಳಭಾಗದಿಂದ ಎಳೆದು ಪಕ್ಕದಿಂದಲೋ ಹಿಂದಿನಿಂದಲೋ ಬಿಡುತ್ತವೆ. ಮೆತ್ತನೆಯ ಹಾಸಿಗೆ, ದಿಂಬು, ಸೋಫಾ ಮೇಲೆ ಇಟ್ಟರೆ ಕೆಳಗಿನ ಕಿಂಡಿಗಳು ಪೂರ್ತಿ ಮುಚ್ಚಿಹೋಗುತ್ತವೆ. ಮೂಗು ಮುಚ್ಚಿ ಓಡಲು ಹೇಳಿದಂತಾಗುತ್ತದೆ. ಚಿಕ್ಕ ಫ್ಲ್ಯಾಟಿನಲ್ಲಿ ಓದುವ ಮೇಜಿಗೆ ಜಾಗವಿಲ್ಲ ಎನ್ನುವುದು ನಿಜವೇ. ಆದರೆ ಗಟ್ಟಿಯಾದ ಒಂದು ಹಲಗೆ, ಅಡುಗೆಮನೆಯ ಮಣೆ ಕೂಡ ಹಾಸಿಗೆಗಿಂತ ಎಷ್ಟೋ ವಾಸಿ.

ಲ್ಯಾಪ್ ಎಂದರೆ ತೊಡೆ. ಆದರೂ ಬಿಸಿಯಾದ ಯಂತ್ರವನ್ನು ತೊಡೆಯ ಮೇಲೆ ಇಟ್ಟುಕೊಳ್ಳಬಾರದು. 2010ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಪೀಡಿಯಾಟ್ರಿಕ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 12 ವರ್ಷದ ಹುಡುಗನೊಬ್ಬನ ವಿಷಯ ಬರೆದಿದ್ದರು. ತಿಂಗಳುಗಟ್ಟಲೆ, ದಿನವೂ ಗಂಟೆಗಟ್ಟಲೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಆಟವಾಡಿದ ಅವನ ಚರ್ಮದ ಮೇಲೆ ಬಲೆಯಂಥ ಕಂದು ಕಲೆ ಮೂಡಿತ್ತು. ರಜೆಯಲ್ಲಿ ಇಡೀ ಮಧ್ಯಾಹ್ನ ಆಟಕ್ಕೆ ಕೂರುವ ಮಕ್ಕಳಿರುವ ಮನೆಯವರು ಇದನ್ನು ಗಮನಿಸಬೇಕು.

ಬಿಸಿಯೋ, ಹಳತೋ ತಿಳಿಯುವ ಬಗೆ

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು, ಇದಕ್ಕೆ ಕಾಸು ಖರ್ಚಿಲ್ಲ. ಬೆಳಗ್ಗೆ ಆರು ಗಂಟೆಗೆ, ಗಟ್ಟಿ ಮೇಜಿನ ಮೇಲೆ, ಲ್ಯಾಪ್‌ಟಾಪ್ ತಣ್ಣಗಿರುವಾಗ ಆ ಭಾರದ ಕೆಲಸವನ್ನು ಶುರು ಮಾಡಿ ನೋಡುವುದು. ಮೊದಲ ಹತ್ತು ನಿಮಿಷ ಸಲೀಸಾಗಿ ಓಡಿ, ಫ್ಯಾನ್ ಅರಚತೊಡಗಿದ ಮೇಲೆ ನಿಧಾನವಾದರೆ ತೊಂದರೆ ಬಿಸಿಯದ್ದು. ಬೆಳಗ್ಗೆ ಸರಿಯಾಗಿದ್ದು ಮಧ್ಯಾಹ್ನ ಮಾತ್ರ ಕೈಕೊಟ್ಟರೂ ಬಿಸಿಯದ್ದೇ. ತಣ್ಣಗಿರುವಾಗಲೂ, ಆನ್ ಮಾಡಿದ ಗಳಿಗೆಯಿಂದಲೇ ಆಮೆಯಂತೆ ನಡೆದರೆ ಕಾರಣ ಬೇರೆ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇರಬಹುದು, ಮೆಮೊರಿ ಸಾಲದಿರಬಹುದು. ಎಷ್ಟೋ ಮಾದರಿಗಳಲ್ಲಿ ಇವನ್ನೂ ಬದಲಾಯಿಸಬಹುದು, ಇಡೀ ಯಂತ್ರವನ್ನೇ ಬದಲಾಯಿಸಬೇಕಿಲ್ಲ.

ಹೊಸದು ಕೊಳ್ಳಲೇಬೇಕಾದ ಸಂದರ್ಭಗಳೂ ಇವೆ ಎಂಬುದನ್ನು ಒಪ್ಪಬೇಕು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಹಾಕಲಾಗದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುವವರು ಅದನ್ನು ಬದಲಾಯಿಸುವ ಯೋಚನೆ ಮಾಡಿದರೆ ತಪ್ಪಿಲ್ಲ. ಅದು ಕಾರಣವಿದ್ದು ಮಾಡುವ ಖರ್ಚು. ಧೂಳಿಗಾಗಿ ಮಾಡುವ ಖರ್ಚು ಅಂಥದ್ದಲ್ಲ.

ಮಾಡಬೇಕಾದದ್ದು, ಮಾಡಬಾರದ್ದು

ಮೊದಲನೆಯದು, ಹಿಂಭಾಗವನ್ನು ಎರಡು ಬೆರಳಷ್ಟು ಎತ್ತರಿಸಿ ಇಡುವುದು. ಹಳೆಯ ಎರಡು ಪುಸ್ತಕಗಳನ್ನು ಎರಡು ಮೂಲೆಗೆ ಕೊಟ್ಟರೆ ಸಾಕು, ಕಿಂಡಿ ಮಾತ್ರ ಮುಚ್ಚಬಾರದು. ಅಂಗಡಿಯಲ್ಲಿ ಸಿಗುವ ಫ್ಯಾನ್ ಜೋಡಿಸಿದ ಸ್ಟ್ಯಾಂಡ್ ಕೆಳಭಾಗದಲ್ಲಿ ಕಿಂಡಿ ಇರುವ ಯಂತ್ರಕ್ಕೆ ಸ್ವಲ್ಪ ಸಹಾಯ ಮಾಡುತ್ತದೆ. ಆದರೆ ಒಳಗೆ ಧೂಳು ಕಟ್ಟಿದ್ದರೆ ಹೊರಗಿನ ಫ್ಯಾನಿನಿಂದ ಪ್ರಯೋಜನ ಅಷ್ಟಕ್ಕಷ್ಟೆ.

ಎರಡನೆಯದು, ಶುಚಿ ಮಾಡಿಸುವುದು. ವಾರಂಟಿ ಇರುವಾಗ ಕಂಪನಿಯ ಅಧಿಕೃತ ಸೇವಾ ಕೇಂದ್ರಕ್ಕೇ ಹೋಗಬೇಕು. ವಾರಂಟಿ ಮುಗಿದ ಮೇಲೆ ಚಾಂದನಿ ಚೌಕದ ಗಲ್ಲಿಗಳಲ್ಲಿ ಈ ಕೆಲಸ ಬಲ್ಲ ಕೈಗಳಿಗೆ ಬರವಿಲ್ಲ. ಕೆಳಗಿನ ಮುಚ್ಚಳ ತೆಗೆದು, ಫ್ಯಾನಿನ ರೆಕ್ಕೆ ಅತಿಯಾಗಿ ತಿರುಗದಂತೆ ಹಿಡಿದು, ಧೂಳು ಊದಿ, ಪಟ್ಟಿಗಳ ಸಾಲನ್ನು ಬ್ರಷ್ಷಿನಿಂದ ತೆಗೆಯಬೇಕು. ಮೂರು ನಾಲ್ಕು ವರ್ಷದ ಯಂತ್ರವಾದರೆ ಪ್ರೊಸೆಸರ್ ಮತ್ತು ತಾಮ್ರದ ನಡುವೆ ಹಚ್ಚಿರುವ ಲೇಪ ಒಣಗಿ ಗಾರೆಯಂತಾಗಿರುತ್ತದೆ. ಅದನ್ನು ಒರೆಸಿ ಹೊಸ ಥರ್ಮಲ್ ಪೇಸ್ಟ್ ಹಚ್ಚಿಸಬೇಕು. ಸಾಧ್ಯವಾದರೆ ಎದುರಿಗೇ ನಿಂತು ಮಾಡಿಸುವುದು ಒಳ್ಳೆಯದು. ಹೊರಬರುವ ಧೂಳಿನ ಉಂಡೆಯನ್ನು ಕಣ್ಣಾರೆ ನೋಡಿದವರು ಮುಂದೆ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೆ ಇಡಲಾರರು.

ಮೂರನೆಯದು, ಕೆಲಸವನ್ನು ಹಂಚಿಕೊಳ್ಳುವುದು. ವೀಡಿಯೊ ಹೊರತೆಗೆಯುವಂಥ ಕೆಲಸವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳದೆ ಬೆಳಗಿನ ಜಾವಕ್ಕೋ, ಯಾರಾದರೂ ಎಚ್ಚರವಿರುವ ರಾತ್ರಿಗೋ ಇಟ್ಟುಕೊಳ್ಳಬಹುದು. ಬ್ರೌಸರಿನಲ್ಲಿ ತೆರೆದಿಟ್ಟ ಮೂವತ್ತು ಪುಟಗಳನ್ನು ಆಗ ಮುಚ್ಚಬೇಕು. ವಿಂಡೋಸ್ ಇರುವ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಪವರ್ ಸೆಟ್ಟಿಂಗಿಗೆ ಹೋಗಿ ಪ್ರೊಸೆಸರಿನ ಗರಿಷ್ಠ ಮಟ್ಟವನ್ನು 100ರಿಂದ 99ಕ್ಕೆ ಇಳಿಸಿದರೆ ಅದರ ಟರ್ಬೊ ಓಟ ನಿಲ್ಲುತ್ತದೆ. ಕೆಲಸಕ್ಕೆ ಒಂದಿಷ್ಟು ಹೆಚ್ಚು ಹೊತ್ತು ಹಿಡಿದೀತು, ಆದರೆ ಬಿಸಿ ಗಣನೀಯವಾಗಿ ಇಳಿಯುತ್ತದೆ. ಓಡಿ ಏದುಸಿರು ಬಿಟ್ಟು ಕೂರುವುದಕ್ಕಿಂತ ಒಂದೇ ನಡೆಯಲ್ಲಿ ನಡೆಯುವವನು ಮುಂಚೆ ಊರು ಸೇರುತ್ತಾನೆ.

ಮಾಡಬಾರದ್ದೂ ಇದೆ. ಬಿಸಿಯಾದ ಲ್ಯಾಪ್‌ಟಾಪನ್ನು ಫ್ರಿಜ್ಜಿನಲ್ಲಿ ಇಡುವುದು, ಕೆಳಗೆ ಐಸ್ ಪೊಟ್ಟಣ ಕೊಡುವುದು ಅಪಾಯ. ಇಲ್ಲಿಯ ತೇವದ ಹವೆಯಲ್ಲಿ ತಣ್ಣಗಾದ ಲೋಹದ ಮೇಲೆ ನೀರು ಹನಿಗಟ್ಟುತ್ತದೆ. ಆ ನೀರು ಬಿಸಿಗಿಂತ ಬೇಗ ಯಂತ್ರವನ್ನು ಕೊಲ್ಲುತ್ತದೆ.

ಬ್ಯಾಟರಿ ಉಬ್ಬಿದರೆ ಹುಡುಗಾಟ ಬೇಡ

ಪ್ರೊಸೆಸರ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ ಎಂಬ ಧೈರ್ಯವನ್ನು ಬ್ಯಾಟರಿಯ ವಿಷಯದಲ್ಲಿ ಇಟ್ಟುಕೊಳ್ಳುವಂತಿಲ್ಲ. ಸದಾ ಬಿಸಿಯಲ್ಲಿ, ಸದಾ ಚಾರ್ಜಿನಲ್ಲಿ ಇರುವ ಲಿಥಿಯಂ ಬ್ಯಾಟರಿ ಬೇಗ ಸವೆಯುತ್ತದೆ, ಕೆಲವೊಮ್ಮೆ ಉಬ್ಬುತ್ತದೆ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ, ಮೇಜಿನ ಮೇಲೆ ಇಟ್ಟಾಗ ಯಂತ್ರ ತೊನೆದಾಡಿದರೆ ಚಾರ್ಜರ್ ತೆಗೆದು, ಆರಿಸಿ, ಬಲ್ಲವರ ಹತ್ತಿರ ಬದಲಾಯಿಸಬೇಕು. ಒತ್ತಿ ಕೂರಿಸುವ ಸಾಹಸ ಬೇಡ. ತೆಗೆದ ಬ್ಯಾಟರಿಯನ್ನು ಬೀದಿಯ ಬಿಕ್ರಿವಾಲಾನ ತಕ್ಕಡಿಗೆ ಹಾಕದೆ, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆಗೇ ಕೊಡಬೇಕು.

ಇಲ್ಲಿ ತಪ್ಪೆಲ್ಲ ಬಳಸುವವರದ್ದೇ ಎಂದೂ ಹೇಳಲಾಗದು. 2006ರ ಆಗಸ್ಟಿನಲ್ಲಿ ಡೆಲ್ ಕಂಪನಿ ಸೋನಿ ತಯಾರಿಸಿದ ಸೆಲ್‌ಗಳಿದ್ದ ಸುಮಾರು 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅದೇ ತಿಂಗಳು ಆಪಲ್ ಸುಮಾರು 18 ಲಕ್ಷ ಬ್ಯಾಟರಿಗಳನ್ನು ಕರೆಸಿಕೊಂಡಿತು. 2019ರಲ್ಲಿ ಆಪಲ್ 2015ರ ಮಾದರಿಯ 15 ಇಂಚಿನ ಕೆಲವು ಮ್ಯಾಕ್‌ಬುಕ್ ಪ್ರೊಗಳ ಬ್ಯಾಟರಿ ಬದಲಾಯಿಸುವುದಾಗಿ ಪ್ರಕಟಿಸಿದ ಮೇಲೆ, ಭಾರತದ ನಾಗರಿಕ ವಿಮಾನಯಾನ ನಿರ್ದೇಶನಾಲಯವು ಅಂಥವನ್ನು ವಿಮಾನದಲ್ಲಿ ತರಬೇಡಿ ಎಂದು ಪ್ರಯಾಣಿಕರನ್ನು ಕೇಳಿಕೊಂಡಿತ್ತು. ಆದ್ದರಿಂದ ಹೊಸ ಲ್ಯಾಪ್‌ಟಾಪ್ ಮೊದಲ ತಿಂಗಳಲ್ಲೇ ವಿಪರೀತ ಕಾದರೆ "ನಾವೇ ಸರಿಯಾಗಿ ಬಳಸುತ್ತಿಲ್ಲವೇನೋ" ಎಂದು ಸುಮ್ಮನಾಗದೆ ಬಿಲ್ಲು ಹಿಡಿದು ಹೋಗಿ ಕೇಳುವುದು ಗ್ರಾಹಕರ ಹಕ್ಕು.

ಸವಕಳಿಯ ಲೆಕ್ಕ

ಐವತ್ತು ಸಾವಿರ ರೂಪಾಯಿಯ ಲ್ಯಾಪ್‌ಟಾಪ್ ಮೂರು ವರ್ಷಕ್ಕೆ ಮೂಲೆ ಸೇರಿದರೆ ವರ್ಷಕ್ಕೆ ಬಿದ್ದ ಖರ್ಚು 16,667 ರೂಪಾಯಿ. ಅದೇ ಯಂತ್ರ ಆರು ವರ್ಷ ಬಾಳಿದರೆ 8,333 ರೂಪಾಯಿ. ವರ್ಷಕ್ಕೊಮ್ಮೆ ಶುಚಿ ಮಾಡಿಸಲು ಸಾವಿರ ರೂಪಾಯಿ ಹೋಯಿತೆಂದೇ ಹಿಡಿದರೂ ವರ್ಷಕ್ಕೆ ಏಳು ಸಾವಿರಕ್ಕೂ ಹೆಚ್ಚು ಉಳಿತಾಯ. ಇಬ್ಬರು ಓದುವ ಮಕ್ಕಳಿರುವ ಸಂಬಳದಾರರ ಮನೆಗೆ ಇದು ಸಣ್ಣ ಮೊತ್ತವಲ್ಲ. ಕಚೇರಿಯ ಲೆಕ್ಕಪತ್ರದಲ್ಲಿ ಕಂಪ್ಯೂಟರಿಗೆ ಪ್ರತಿ ವರ್ಷ ಸವಕಳಿ ಬರೆಯುತ್ತಾರೆ, ಅದು ತಪ್ಪಿಸಲಾಗದ್ದು. ಧೂಳು ತರುವ ಸವಕಳಿ ತಪ್ಪಿಸಬಹುದಾದದ್ದು.

ಸಂಘ ಏನು ಮಾಡಬಹುದು?

ಕನ್ನಡ ಸಂಘದ ಆಶ್ರಯದಲ್ಲಿ ಆರೋಗ್ಯ ತಪಾಸಣೆ ಶಿಬಿರ, ಕಣ್ಣಿನ ಪರೀಕ್ಷೆ ನಡೆಸುವುದು ಹೊರನಾಡಿನಲ್ಲಿ ಎಲ್ಲೆಡೆ ಇರುವ ಪದ್ಧತಿ. ಅದೇ ರೀತಿ ವರ್ಷಕ್ಕೆ ಎರಡು ಭಾನುವಾರ, ಅರ್ಧ ದಿನದ ಮಟ್ಟಿಗೆ, ಲ್ಯಾಪ್‌ಟಾಪ್ ಶುಚಿಗೊಳಿಸುವ ಶಿಬಿರ ಇಟ್ಟುಕೊಂಡರೆ ಹೇಗೆ? ಬೇಸಿಗೆ ಏರುವ ಮುನ್ನ ಯುಗಾದಿಯ ಹೊತ್ತಿಗೆ ಒಂದು, ಆಯುಧಪೂಜೆಗೆ ಮುನ್ನ ಇನ್ನೊಂದು. ಸೆಕ್ಟರ್ ಫೈವಿನಲ್ಲಿ ದುಡಿಯುವ ಯುವಕರಲ್ಲಿ ಈ ಕೆಲಸ ಬಲ್ಲವರಿದ್ದಾರೆ, ಇಲ್ಲದಿದ್ದರೆ ಒಬ್ಬ ಮೆಕ್ಯಾನಿಕ್ಕನ್ನು ದಿನದ ಕೂಲಿಗೆ ಕರೆಸಬಹುದು. ಬೇಕಾದ ಸಾಮಾನು ಎಂದರೆ ಸ್ಕ್ರೂಡ್ರೈವರ್, ಬ್ರಷ್, ಊದುವ ಯಂತ್ರ, ಪೇಸ್ಟು. ವಾರಂಟಿ ಇರುವ ಯಂತ್ರಗಳನ್ನು ತೆರೆಯಬಾರದು, ಫೈಲುಗಳ ಪ್ರತಿ ಮೊದಲೇ ತೆಗೆದಿಟ್ಟುಕೊಂಡು ಬರಬೇಕು ಎಂಬ ಎರಡು ನಿಯಮ ಹಾಕಿದರೆ ಜಗಳಕ್ಕೂ ಅವಕಾಶವಿಲ್ಲ.

"ಸಂಘ ಇರುವುದು ಕನ್ನಡಕ್ಕೆ, ಕಂಪ್ಯೂಟರ್ ರಿಪೇರಿಗಲ್ಲ" ಎಂದು ಕೆಲವು ಹಿರಿಯರು ಆಕ್ಷೇಪಿಸಬಹುದು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಹೊರನಾಡಿನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡ ಅಕ್ಷರ ಇಂದು ಎಷ್ಟೋ ಸಲ ಆನ್‌ಲೈನ್ ತರಗತಿಯಲ್ಲಿ, ಅದೇ ಲ್ಯಾಪ್‌ಟಾಪಿನ ಪರದೆಯ ಮೇಲೆ ಸಿಗುತ್ತಿದೆ. ಸಂಘದ ಸ್ಮರಣ ಸಂಚಿಕೆ ತಯಾರಾಗುವುದೂ ಕಾರ್ಯಕ್ರಮದ ವೀಡಿಯೊ ಊರಿನ ಬಂಧುಗಳನ್ನು ಮುಟ್ಟುವುದೂ ಅದರ ಮೂಲಕವೇ. ಇನ್ನೂ ಮುಖ್ಯವಾದ ಮಾತೊಂದಿದೆ. ಯುವಕರು ಸಂಘಕ್ಕೆ ಬರುವುದಿಲ್ಲ ಎಂಬ ದೂರು ಪ್ರತಿ ವಾರ್ಷಿಕ ಸಭೆಯಲ್ಲೂ ಕೇಳಿಬರುತ್ತದೆ. ಬಂದರೆ ಅವರಿಗೆ ಅಲ್ಲಿ ಕುರ್ಚಿ ಹಾಕುವುದು ಬಿಟ್ಟು ಬೇರೆ ಕೆಲಸವೇನಿದೆ? ಹಿರಿಯರೊಬ್ಬರು ತಮ್ಮ ಲ್ಯಾಪ್‌ಟಾಪ್ ಹಿಡಿದು "ಸ್ವಲ್ಪ ನೋಡಪ್ಪ, ಇದು ಯಾಕೋ ತುಂಬಾ ಕಾಯುತ್ತೆ" ಎಂದು ಇಪ್ಪತ್ತೈದರ ಹುಡುಗನ ಎದುರು ಕೂತರೆ ಅರ್ಧ ಗಂಟೆ ಇಬ್ಬರೂ ಕನ್ನಡದಲ್ಲೇ ಮಾತಾಡುತ್ತಾರೆ. ಭಾಷಣಗಳಿಂದ ಆಗದ ಕೆಲಸ ಅದರಿಂದ ಆದೀತು.

ವಿಶ್ವಕರ್ಮ ಪೂಜೆಗೆ, ಸಾಮಾನ್ಯವಾಗಿ ಸೆಪ್ಟೆಂಬರ್ 17ರಂದು, ಈ ಊರಿನ ಕಾರ್ಖಾನೆ, ಗ್ಯಾರೇಜುಗಳಲ್ಲಿ ಯಂತ್ರ ನಿಲ್ಲಿಸಿ, ತೊಳೆದು ಒರೆಸಿ ಪೂಜೆ ಮಾಡುತ್ತಾರೆ. ಬಂಗಾಳಿಗಳು ದುರ್ಗಾಪೂಜೆಯ ನವಮಿ ಆಚರಿಸುವಾಗ ಕನ್ನಡಿಗರ ಮನೆಗಳಲ್ಲಿ ಆಯುಧಪೂಜೆ. ಅಂದು ಲ್ಯಾಪ್‌ಟಾಪಿಗೂ ಕುಂಕುಮ ಇಟ್ಟು ಹೂ ಏರಿಸುವವರು ಬಹಳ ಮಂದಿ. ಆಯುಧಪೂಜೆ ಎಂದರೆ ಮೊದಲು ಆಯುಧವನ್ನು ತೊಳೆದು ಹದಮಾಡುವುದು, ಆಮೇಲೆ ಕುಂಕುಮ. ಮುಚ್ಚಳದ ಮೇಲೆ ಹೂವು, ಒಳಗೆ ಎರಡು ವರ್ಷದ ಧೂಳು ಎಂದಾಗಬಾರದು. ಸಂಘದ ಪದಾಧಿಕಾರಿಗಳು ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಎತ್ತಿಕೊಂಡು ಒಂದು ದಿನಾಂಕ ಗೊತ್ತುಮಾಡಿದರೆ ಸದಸ್ಯರಿಗೆ ಉಪಕಾರವಾದೀತು. ಹೊಸದಕ್ಕೆ ಕಂತು ಕಟ್ಟಲು ಹೊರಟವರು ಆ ದಿನದವರೆಗಾದರೂ ಕಾಯುವುದು ಒಳ್ಳೆಯದು.